ಜುಲೈನಲ್ಲಿ ಹೀಟರ್

ಸುಡು ಬಿಸಿಲಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದೀರಾ? ನಾನು ಕೂತಿದ್ದೆ. ಕಳೆದ ಶನಿವಾರ, ಮೈಸೂರು ಸಿಲ್ಕ್ ಉಟ್ಟು, ತೊಡೆಯ ಮೇಲೆ ಮೈಸೂರು ಪಾಕಿನ ಡಬ್ಬಿ ಇಟ್ಟುಕೊಂಡು, ಇಂಗ್ಲೆಂಡಿನ ಎ34 ರಸ್ತೆಯ ಜಾಮಿನಲ್ಲಿ. ಸಿಟ್ಟು ಇನ್ನೂ ಇಳಿದಿಲ್ಲ.

ನ್ಯೂಬರಿಯಿಂದ ಆಕ್ಸ್‌ಫರ್ಡಿಗೆ ಒಂದು ನಾಮಕರಣಕ್ಕೆ ಹೊರಟಿದ್ದೆವು. ಮನೆಯಲ್ಲಿ ಎಸಿ ಇರುವ ಕಾರಿದೆ. ಆದರೆ ಬಿಸಿಲು ಕಂಡರೆ ನಮ್ಮವರಿಗೆ 1972ರ ಎಂಜಿಬಿಯೇ ಬೇಕು. ಟಾಪು ಮಡಚುವ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರು. ಓಡುವಷ್ಟು ಹೊತ್ತು ಚಂದ. ನಿಂತರೆ ಕಷ್ಟ. ಎಂಜಿನ್ ತಣ್ಣಗಿಡುವ ಅದರ ಫ್ಯಾನು ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಜಾಮಿನಲ್ಲಿ ಎಂಜಿನ್ ನಿಧಾನ, ಹಾಗಾಗಿ ಫ್ಯಾನೂ ನಿಧಾನ, ನೀರಿನ ಪಂಪೂ ನಿಧಾನ. ಗಾಳಿ ಬೇಕಾದಾಗಲೇ ಗಾಳಿ ಇಲ್ಲ.

ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಸೂಜಿ ಮೇಲೇರತೊಡಗಿತು. ಇಷ್ಟು ವರ್ಷದ ಸಂಸಾರದಲ್ಲಿ ಒಲೆ ಮೇಲಿನ ಹಾಲು ಉಕ್ಕಿದ್ದನ್ನು ಒಮ್ಮೆಯೂ ನೋಡದ ಮನುಷ್ಯ, ಈ ಸೂಜಿಯನ್ನು ಮಾತ್ರ ರೆಪ್ಪೆ ಬಡಿಯದೆ ಕಾಯುತ್ತಾರೆ.

"ಹೀಟರ್ ಹಾಕ್ತೀನಿ ಕಣೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಲಾಜಿಕ್ಕೇನೋ ಸರಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರಲ್ಲೂ ಹರಿದರೆ ಎಂಜಿನ್ ತುಸು ತಣ್ಣಗಾಗುತ್ತದೆ. ಆ ಬಿಸಿ ಎಲ್ಲಿಗೆ ಹೋಗುತ್ತದೆ? ನನ್ನ ಕಾಲಿಗೆ. ಜನವರಿಯಲ್ಲಿ ಇದೇ ಹೀಟರ್ ಎಷ್ಟು ಬೇಡಿಕೊಂಡರೂ ಉಸಿರು ಬಿಡುವುದಿಲ್ಲ. ಅವತ್ತು ಎಲ್ಲಿತ್ತೋ ಆ ಉತ್ಸಾಹ!

ಮೇಲೆ ಸೂರ್ಯ, ಕೆಳಗೆ ಹೀಟರ್, ನಡುವೆ ನಾನು ಮತ್ತು ಮೈಸೂರು ಪಾಕ್. ತುಪ್ಪ ಡಬ್ಬಿ ಬಿಟ್ಟು ಸೀರೆಗಿಳಿಯಿತು. ಡಬ್ಬಿಯ ಮುಚ್ಚಳದಿಂದಲೇ ಗಾಳಿ ಬೀಸಿಕೊಂಡೆ. ಪಕ್ಕದ ಲಾರಿಯ ಡ್ರೈವರ್ ಬಗ್ಗಿ ನೋಡಿದ. ನಮ್ಮವರು ಹೆಮ್ಮೆಯಿಂದ ಕೈಯೆತ್ತಿದರು. ಯಾರು ನೋಡಿದರೂ ಕಾರನ್ನೇ ಮೆಚ್ಚುತ್ತಿದ್ದಾರೆ ಎಂದು ಅವರ ನಂಬಿಕೆ. ಪಾಪ, ಆತ ನನ್ನ ಮುಖ ನೋಡಿ ಒಂದು ಬಾಟಲಿ ತಣ್ಣೀರು ಚಾಚಿದ. ನಾನು ಕೈ ನೀಡುವ ಮೊದಲೇ ಇವರು ಇಸ್ಕೊಂಡು ಸೀಟಿನ ಹಿಂದೆ ಇಟ್ಟರು. "ಇರಲಿ, ರೇಡಿಯೇಟರಿಗೆ ಬೇಕಾಗುತ್ತೆ!"

ಕೊನೆಗೂ ಕುದಿಯಿತು. ಅದೂ ಎಲ್ಲಿ? ಅಬಿಂಗ್ಡನ್ ಪಕ್ಕದಲ್ಲಿ. 1980ರಲ್ಲಿ ಮುಚ್ಚುವವರೆಗೂ ಎಂಜಿ ಕಾರ್ಖಾನೆ ಇದ್ದದ್ದು ಇದೇ ಊರಿನಲ್ಲಿ. "ತವರು ಕಂಡಿತು ನೋಡಿ, ಇನ್ನು ನಮ್ಮನೆಗೆ ಬರಲ್ಲ ಅಂತಿದೆ ರೀ" ಎಂದೆ. ನಗಲಿಲ್ಲ.

ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳ ಮುಟ್ಟುವ ಹಾಗಿಲ್ಲ. ಅದು ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಒತ್ತಡದಲ್ಲಿ ಒಳಗಿನ ನೀರು 100 ಡಿಗ್ರಿ ದಾಟಿರುತ್ತದೆ. ತೆಗೆದರೆ ಮುಖಕ್ಕೇ ಹಾರುತ್ತದೆ.

ಹುಲ್ಲಿನ ಮೇಲೆ ಕೂತಾಗ ಆಗುಂಬೆ ಘಾಟಿ ನೆನಪಾಯಿತು. ಅಪ್ಪನ ಅಂಬಾಸಿಡರ್ ಯಾವುದಾದರೂ ತಿರುವಿನಲ್ಲಿ ಹೀಗೇ ಉಸ್ಸೆಂದು ನಿಲ್ಲುತ್ತಿತ್ತು. ಅಪ್ಪ ಡಿಕ್ಕಿಯಿಂದ ನೀರಿನ ಕ್ಯಾನು ತೆಗೆದಿಟ್ಟು ಸುಮ್ನೆ ಕಾಯುತ್ತಿದ್ದರು. ನಾವು ಕೋಡುಬಳೆ ತಿನ್ನುತ್ತ ಮಂಗಗಳನ್ನು ನೋಡುತ್ತಿದ್ದೆವು. ತಡವಾಯಿತೆಂದು ಅಪ್ಪ ಗೊಣಗಿದ್ದು ನೆನಪೇ ಇಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ತಮಾಷೆ ಅಂದರೆ, ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್ನೂ ಈ ಎಂಜಿಬಿಯ 1798 ಸಿಸಿ ಎಂಜಿನ್ನೂ ಒಂದೇ ಮನೆತನದವು. ಎರಡೂ ಬಿಎಂಸಿ ಎಂಬ ಬ್ರಿಟಿಷ್ ಕಾರು ಕಂಪನಿಯ ಬಿ-ಸೀರೀಸ್ ಎಂಜಿನ್ನುಗಳು. "ಅಂದ್ರೆ ಇದು ಇಬ್ಬರು ಕೂರೋ ಅಂಬಾಸಿಡರ್, ಅಲ್ವಾ?" ಎಂದೆ. ಆಕ್ಸ್‌ಫರ್ಡ್ ತಲುಪುವವರೆಗೂ ಮಾತಿಲ್ಲ. ಮಗುವಿಗೆ ಹೆಸರಿಟ್ಟು ಊಟಕ್ಕೆ ಎಲೆ ಹಾಕಿಯಾಗಿತ್ತು.

ಭಾನುವಾರ ರಿಪೇರಿ. ಥರ್ಮೋಸ್ಟಾಟ್, ಅಂದರೆ ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವು, 82 ಡಿಗ್ರಿಗೆ ಬಾಯಿ ಬಿಡಬೇಕಂತೆ. ಪರೀಕ್ಷಿಸಲು ಅದನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದರು. ನಾನು ಹಾಲು ಕಾಯಿಸುವ ಪಾತ್ರೆಯಲ್ಲಿ! ಅದು ಸರಿಯಾಗಿ ಬಾಯಿ ಬಿಟ್ಟಿತು. ನಾನೂ ಬಿಟ್ಟೆ. ರೇಡಿಯೇಟರ್ ಬಿಚ್ಚಿ ಉಲ್ಟಾ ನೀರು ಹಾಯಿಸಿದಾಗ ಕಳ್ಳ ಸಿಕ್ಕಿದ. ತುಕ್ಕು ಕೆಸರಾಗಿ ಬಂತು, ಕೊಳವೆಗಳು ಅರ್ಧಕ್ಕರ್ಧ ಕಟ್ಟಿಹೋಗಿದ್ದವು. ಹೊಸ ಕೋರ್, ಅಂದರೆ ಒಳಗಿನ ಕೊಳವೆಗಳ ಭಾಗ, ಹಾಕಿಸಲು ಕೊಟ್ಟಿದ್ದಾರೆ. ರೇಟು ಕೇಳಿದೆ. ಹಾಳಾದ ಸೀರೆಗಿಂತ ಜಾಸ್ತಿ.

ಅದು ಬರುವವರೆಗೆ ಎಸಿ ಕಾರೇ ಗತಿ. ನಿನ್ನೆ ಅಂಗಡಿಗೆ ಹೋಗುವಾಗ ಸೆಖೆ ತಡೆಯಲಾರದೆ ಎಸಿ ಬಟನ್ನಿಗೆ ಕೈ ಹಾಕಿದೆ. ಇವರ ಕಣ್ಣು ಅದರ ಮೀಟರಿನ ಮೇಲೂ ನೆಟ್ಟಿತ್ತು.

"ತಡಿ ಕಣೇ, ಎಂಜಿನ್ನಿಗೆ ಲೋಡು ಜಾಸ್ತಿ ಆಗುತ್ತೆ."