‘ಆ ಕಾಲ ಹಾಗಿತ್ತು’ ಅನ್ನುವ ರಿಯಾಯಿತಿ

ರೂಸೋ, ವೋಲ್ಟೇರ್, ಮಾಂಟೆಸ್ಕ್ಯೂ. ಫ್ರಾನ್ಸಿನ ಕ್ರಾಂತಿಗೆ ಕಾರಣರಾದ ಚಿಂತಕರು ಯಾರು ಅಂದರೆ ಹೈಸ್ಕೂಲಿನಲ್ಲಿ ಈ ಮೂರು ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ಮೊನ್ನೆ ಮಗಳಿಗೆ ಓದಿಸುವಾಗ ಅದನ್ನೇ ಹೇಳಿಕೊಟ್ಟೆ. “ಹೆಂಗಸರು ಯಾರೂ ಇಲ್ವಾ ಅಮ್ಮ?” ಅಂದಳು. “ಆ ಕಾಲ ಹಾಗಿತ್ತು ಪುಟ್ಟಿ” ಅಂದುಬಿಟ್ಟೆ. ಆಮೇಲೆ ನನಗೇ ಕಸಿವಿಸಿ. ಯಾಕಂದರೆ ಹೇಳಿದ್ದು ಸುಳ್ಳು.

ರೂಸೋನನ್ನೇ ನೋಡಿ. ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ 1762ರಲ್ಲಿ ‘ಎಮಿಲ್’ ಅನ್ನುವ ಪುಸ್ತಕ ಬರೆದ. ಹುಡುಗನಿಗೆ ಸ್ವಂತ ಬುದ್ಧಿ ಬರಬೇಕು, ಸರಿ. ಹುಡುಗಿಗೆ? ಗಂಡಸಿಗೆ ಮೆಚ್ಚುಗೆಯಾಗುವ ಹಾಗೆ, ಅವನಿಗೆ ಉಪಯೋಗಕ್ಕೆ ಬರುವ ಹಾಗೆ ಕಲಿಸಿದರೆ ಸಾಕಂತೆ. (ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಕೊಟ್ಟವನು ಈ ಪುಣ್ಯಾತ್ಮ. ಇರಲಿ ಬಿಡಿ.)

1789ರ ಆಗಸ್ಟ್ 26ರಂದು ಹಕ್ಕುಗಳ ಘೋಷಣೆ ಬಂತು. ನಾವು ಅದನ್ನು ‘ಮಾನವ ಹಕ್ಕುಗಳು’ ಅಂತ ಓದುತ್ತೇವೆ. ಫ್ರೆಂಚಿನ ಆ ಪದಕ್ಕೆ ಮನುಷ್ಯ ಅಂತಲೂ ಅರ್ಥ, ಗಂಡಸು ಅಂತಲೂ ಅರ್ಥ. ವೋಟಿನ ಮಾತು ಬಂದಾಗ ಎರಡನೆಯ ಅರ್ಥವೇ ಗೆದ್ದಿತು. ಅದೇ ಅಕ್ಟೋಬರ್‌ನಲ್ಲಿ ರೊಟ್ಟಿ ಸಿಗದೆ ರೊಚ್ಚಿಗೆದ್ದು, ಮಳೆಯಲ್ಲಿ ರಾಜನ ಅರಮನೆಯಿದ್ದ ವರ್ಸೇಲ್ಸ್‌ವರೆಗೆ ನಡೆದು, ರಾಜನನ್ನೇ ಪ್ಯಾರಿಸ್‌ಗೆ ಎಳೆದು ತಂದವರು ಹೆಂಗಸರು. ಅವರಿಗೆ ವೋಟಿಲ್ಲ.

ಇದನ್ನು ಯಾರೂ ಪ್ರಶ್ನಿಸಲಿಲ್ಲವಾ? ಪ್ರಶ್ನಿಸಿದರು. 1790ರಲ್ಲಿ ಕಾಂಡೋರ್ಸೆ ಅನ್ನುವ ಗಣಿತಜ್ಞ ಹೆಂಗಸರಿಗೂ ಪೌರತ್ವದ ಹಕ್ಕು ಕೊಡಿ ಅಂತ ಲೇಖನ ಬರೆದ. ಬಸಿರು, ಬಾಣಂತನ ಅಂತ ನೆಪ ಹೇಳುವವರಿಗೆ ಅವನ ಉತ್ತರ ನನಗೆ ಭಾರೀ ಇಷ್ಟ. ಪ್ರತಿ ಚಳಿಗಾಲದಲ್ಲೂ ಗೌಟ್ ಬಂದು ನರಳುವವರ ಹಕ್ಕನ್ನು ಯಾರಾದರೂ ಕಿತ್ತುಕೊಂಡಿದ್ದೀರಾ ಅಂತ ಕೇಳುತ್ತಾನೆ. ಗೌಟ್ ಅಂದರೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಹೆಬ್ಬೆರಳು ಊದಿಕೊಳ್ಳುತ್ತಲ್ಲ, ಅದು. ಅದನ್ನು ಓದಿದ ದೊಡ್ಡ ಮನುಷ್ಯರಲ್ಲಿ ಎಷ್ಟು ಜನ ಕಾಲು ಹಿಂದಕ್ಕೆ ಎಳೆದುಕೊಂಡರೋ!

ಇನ್ನು ಒಲಾಂಪ್ ದ ಗೂಜ್. ಮೊಂತೊಬಾನ್ ಅನ್ನುವ ಊರಿನವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಹೋದ. ಅವನ ಹೆಸರನ್ನು ಅಲ್ಲೇ ಬಿಟ್ಟು, ತನಗೆ ತಾನೇ ಹೆಸರಿಟ್ಟುಕೊಂಡು ಪ್ಯಾರಿಸ್‌ಗೆ ಬಂದಳು. ಗುಲಾಮಗಿರಿಯ ವಿರುದ್ಧ ನಾಟಕ ಬರೆದಳು. 1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಪ್ಯಾರಿಸ್‌ಗೆ ಹೋಗಿದ್ದರಲ್ಲ, ಅವರನ್ನು ನೋಡಲು ಊರೇ ಮುಗಿಬಿದ್ದಿತ್ತು. ಆ ಗುಂಪಲ್ಲಿ ಈಕೆಯೂ ಇದ್ದಳಾ ಅಂತ ನನಗೆ ಸುಮ್ನೆ ಒಂದು ಕುತೂಹಲ.

1791ರಲ್ಲಿ ಆಕೆ ಮಾಡಿದ ಕೆಲಸ ನೋಡಿ. ಗಂಡಸರ ಘೋಷಣೆಯಲ್ಲಿ 17 ಕಲಂ ಇದ್ದವು. ಅದನ್ನೇ ಎದುರಿಗಿಟ್ಟುಕೊಂಡು ಹೆಂಗಸಿನ ಹಕ್ಕುಗಳ ಘೋಷಣೆ ಬರೆದಳು. ಇದರಲ್ಲೂ 17 ಕಲಂ. ಗಂಡಸು ಅಂತ ಇದ್ದ ಕಡೆ ಹೆಂಗಸನ್ನೂ ತಂದು ಕೂರಿಸಿದಳು. ಹತ್ತನೇ ಕಲಮಿನಲ್ಲಿ ಹೇಳುತ್ತಾಳೆ: ವಧಾಸ್ತಂಭ ಹತ್ತುವ ಹಕ್ಕು ಹೆಣ್ಣಿಗಿದೆ ಅಂದಮೇಲೆ ಭಾಷಣದ ವೇದಿಕೆ ಹತ್ತುವ ಹಕ್ಕೂ ಇರಬೇಕು.

1793ರಲ್ಲಿ ಎಂಥಾ ಸರ್ಕಾರ ಬೇಕು ಅಂತ ಜನರನ್ನೇ ಕೇಳಿ ಅನ್ನುವ ಪೋಸ್ಟರ್ ಬರೆದು ಸಿಕ್ಕಿಬಿದ್ದಳು. ರಾಜನೂ ಬೇಕಾ ಅನ್ನುವುದು ಅದರಲ್ಲಿ ಒಂದು ಆಯ್ಕೆ, ಅದೇ ಅಪರಾಧವಾಯಿತು. ನವೆಂಬರ್ 3ರಂದು ತಲೆ ಕಡಿಯುವ ಗಿಲೊಟಿನ್‌ಗೆ ಹತ್ತಿಸಿದರು. ಅದಕ್ಕೆ ನಾಲ್ಕು ದಿನ ಮೊದಲೇ ಹೆಂಗಸರ ರಾಜಕೀಯ ಕ್ಲಬ್ಬುಗಳಿಗೂ ಬೀಗ ಬಿದ್ದಿತ್ತು. ಕಾಂಡೋರ್ಸೆಯೂ ಮುಂದಿನ ವರ್ಷ ಜೈಲಿನಲ್ಲಿ ಸತ್ತ.

ಈಗ ಹೇಳಿ, ಕಾಲ ಹಾಗಿತ್ತಾ? ಅದೇ ಊರು, ಅದೇ ವರ್ಷಗಳು. ಸಮುದ್ರದ ಆಚೆ ಲಂಡನ್ನಿನಲ್ಲಿ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲೇ ರೂಸೋನ ಹೆಸರು ಹಿಡಿದು ಜಾಡಿಸಿದ್ದಳು. ಮಾತು ಆಡಿ ಆಗಿತ್ತು, ಅಚ್ಚೂ ಆಗಿತ್ತು. ಕೇಳಿಸಿಕೊಳ್ಳಬಾರದು ಅಂತ ತೀರ್ಮಾನ ಮಾಡಿದವರಿಗೆ ನಾವು ಕಾಲದ ಹೆಸರಲ್ಲಿ ರಿಯಾಯಿತಿ ಕೊಡುತ್ತಿದ್ದೇವೆ, ಅಷ್ಟೇ.

ಫ್ರಾನ್ಸಿನ ಹೆಂಗಸರಿಗೆ ವೋಟು ಸಿಕ್ಕಿದ್ದು 1944ರಲ್ಲಿ. ಮದುವೆಯಾದವಳು ಗಂಡನ ಒಪ್ಪಿಗೆ ಇಲ್ಲದೆ ಕೆಲಸಕ್ಕೆ ಸೇರಬಹುದು, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಬಹುದು ಅಂತ ಕಾನೂನು ಬಂದಿದ್ದು 1965ರಲ್ಲಿ. ಇದನ್ನು ಹೇಳಿದರೆ ಮಗಳು ನಂಬಲೇ ಇಲ್ಲ. ಫೋನ್ ತೆಗೆದುಕೊಂಡು ನನ್ನಮ್ಮನಿಗೇ ಹಚ್ಚಿದಳು.

“ಅಜ್ಜಿ, 1965ರಲ್ಲಿ ನೀನು ಎಷ್ಟನೇ ಕ್ಲಾಸು?”

“ನಾಲ್ಕನೇದು ಕಣೇ. ಯಾಕೆ?”