‘ಎಲ್ಲಾ ಬಂದಿದೆ’ ಅಂದ ಫೋನು

ಇವತ್ತು ಆಫೀಸಿನಲ್ಲಿ ನಾನು ಕಿರುಚಿದೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗಿ ಕಿರುಚಿದೆ. ನನ್ನನ್ನು ಬಲ್ಲವರಿಗೆ ಗೊತ್ತು, ಮೀಟಿಂಗಿನಲ್ಲಿ ಎರಡು ಸಲ ಕೇಳಿದರೆ ಮಾತ್ರ ಬಾಯಿ ಬಿಡುವ ಆಸಾಮಿ ನಾನು. ಅಂಥವನು "ಒತ್ತಬೇಡ!" ಅಂತ ಕೂಗಿದ್ದಕ್ಕೆ ಇಡೀ ಫ್ಲೋರ್ ತಿರುಗಿ ನೋಡಿತು.

ಆಗಿದ್ದು ಇಷ್ಟು. ಪಕ್ಕದ ಸೀಟಿನ ಹುಡುಗ ಹೊಸ ಫೋನ್ ತಂದಿದ್ದ. ಆಂಡ್ರಾಯ್ಡ್, ಐಫೋನ್ ಅಂತ ಎರಡು ಪ್ಲಾಟ್‌ಫಾರ್ಮ್ ಇವೆಯಲ್ಲ, ಇಷ್ಟು ವರ್ಷ ಒಂದು, ಈಗ ಇನ್ನೊಂದು. ಎರಡೂ ಫೋನುಗಳನ್ನು ಅಕ್ಕಪಕ್ಕ ಮಲಗಿಸಿ, ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ದಾಟಲಿ ಅಂತ ಬೆಳಗಿನಿಂದ ಕಾಯುತ್ತಿದ್ದ. ಕೊನೆಗೆ ಹೊಸದರ ಪರದೆ ಮೇಲೆ ದೊಡ್ಡದೊಂದು ಹಸಿರು ಟಿಕ್ ಮಾರ್ಕ್ ಬಂತು. ಹುಡುಗ ಖುಷಿಯಾಗಿ ಹಳೇ ಫೋನ್ ಕೈಗೆತ್ತಿಕೊಂಡು ಸೆಟ್ಟಿಂಗ್ಸ್‌ಗೆ ಹೋದ. ‘ಎಲ್ಲವನ್ನೂ ಅಳಿಸಿ’ ಅನ್ನುವ ಕಡೆ ಬೆರಳು ಹೋಯಿತು. ನಾನು ಕೂಗಿದ್ದು ಆಗ.

"ಮೊದ್ಲು ಮೆಸೇಜ್ ತೆಗ್ದು ನೋಡು" ಅಂದೆ.

"ಎಲ್ಲಾ ಬಂದಿದೆ ಸರ್. ಟಿಕ್ ಬಂತಲ್ಲ."

"ತೆಗಿ ಮಾರಾಯ."

ತೆಗೆದ. ನಾಲ್ಕೇ ನಾಲ್ಕು ಮೆಸೇಜ್ ಇದ್ದವು. ನಾಲ್ಕೂ ಆ ಹೊಸ ಫೋನ್ ಸೆಟಪ್ ಮಾಡುವಾಗ ಬಂದ ಒಟಿಪಿಗಳು. ಹುಡುಗ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಇಲ್ಲಿ ಹೇಳುತ್ತಿದ್ದೇನೆ.

ಮೂರು ವಾರದ ಹಿಂದೆ ನನ್ನ ಪಕ್ಕದಲ್ಲಿ ಹೀಗೆ ಕೂಗುವವರು ಯಾರೂ ಇರಲಿಲ್ಲ. ಅದೇ ಟಿಕ್ ಮಾರ್ಕ್ ನನಗೂ ಬಂತು. ನಾನು ನಂಬಿದೆ. ಹಳೇ ಫೋನನ್ನು ರೀಸೆಟ್ ಮಾಡಿ, ಒರೆಸಿ, ಡಬ್ಬಿಗೆ ಹಾಕಿ ಬೇರೆಯವರಿಗೆ ಕೊಟ್ಟೂ ಬಿಟ್ಟೆ. ರಾತ್ರಿ ಮೆಸೇಜ್ ತೆಗೆದರೆ ಹನ್ನೊಂದು ವರ್ಷದ್ದು ಏನೂ ಇಲ್ಲ.

ಯಾವುದರಿಂದ ಯಾವುದಕ್ಕೆ ಹೋದೆ ಅಂತ ಹೇಳುವುದಿಲ್ಲ. ಹೇಳಿದರೆ ಕೆಳಗೆ ಕಾಮೆಂಟಿನಲ್ಲಿ ಎರಡು ಪಕ್ಷ ಶುರುವಾಗುತ್ತದೆ, ನನ್ನ ಗೋಳು ಯಾರಿಗೂ ಕೇಳುವುದಿಲ್ಲ.

ಏನೇನು ಬಂದಿತ್ತು ಗೊತ್ತಾ? ಅಲಾರಂಗಳೆಲ್ಲ ಬಂದಿದ್ದವು. ವಾಲ್‌ಪೇಪರ್ ಬಂದಿತ್ತು. ಜೇಬಿನೊಳಗೆ ತಾನಾಗಿಯೇ ಕ್ಲಿಕ್ಕಾದ ಕತ್ತಲೆಯ ಫೋಟೋಗಳು ಒಂದೂ ತಪ್ಪದೆ ಬಂದಿದ್ದವು. ಕಾಂಟ್ಯಾಕ್ಟ್ಸ್‌ನಲ್ಲಿ ‘ಪ್ಲಂಬರ್ ಹಳೇದು’, ‘ಪ್ಲಂಬರ್ ಹೊಸದು’, ‘ಪ್ಲಂಬರ್ ಎತ್ತಬೇಡ’ ಮೂವರೂ ಕ್ಷೇಮವಾಗಿ ಇಳಿದಿದ್ದರು. ಜನ ನನಗೆ ಬರೆದ ಮಾತುಗಳು ಮಾತ್ರ ದಾರಿಯಲ್ಲೇ ಬಿದ್ದುಹೋಗಿದ್ದವು.

ಮೆಸೇಜ್ ತರುವುದಿಲ್ಲ ಅಂತ ಮೊದಲೇ ಹೇಳಿದ್ದರೆ ನನಗೆ ಸಿಟ್ಟಿರಲಿಲ್ಲ. ಹಾಗೆ ಹೇಳಿರಲಿಲ್ಲ. ಏನೇನು ತರಬೇಕು ಅಂತ ಕೇಳುವ ಪಟ್ಟಿಯಲ್ಲಿ ಮೆಸೇಜಸ್ ಅಂತ ಇತ್ತು. ನಾನೇ ಕೈಯಾರೆ ಗುರುತು ಹಾಕಿದ್ದೆ. ಆಮೇಲೆ ಅದು ಬರಲಿಲ್ಲ ಅನ್ನುವುದನ್ನು ಆ ವರ್ಗಾವಣೆ ಟೂಲ್ ಹೇಳಲಿಲ್ಲವಾ? ಹೇಳಿತ್ತಂತೆ. ಇವತ್ತು ಹುಡುಗನ ಫೋನಿನಲ್ಲಿ ನೋಡಿದೆ. ಅಂಗೈಯಷ್ಟು ಹಸಿರು ಟಿಕ್, ಅದರ ಕೆಳಗೆ ಇರುವೆ ಸಾಲಿನಂಥ ಬೂದು ಅಕ್ಷರ. ಕೆಲವು ಐಟಂಗಳು ಬಂದಿಲ್ಲ ಅಂತ. ಕೆಲವು ಐಟಂ! ಅವನ ಎಂಟು ವರ್ಷಕ್ಕೆ ಇಟ್ಟ ಹೆಸರು ಅದು.

ಸಿಟ್ಟು ಬಂದರೆ ನಾನು ಓದಲು ಕೂರುತ್ತೇನೆ. ಮೂರು ವಾರದಿಂದ ಇದನ್ನೇ ಓದುತ್ತಿದ್ದೇನೆ. ಓದಿದಷ್ಟೂ ಉರಿ ಜಾಸ್ತಿ. ಎರಡು ಪ್ಲಾಟ್‌ಫಾರ್ಮುಗಳು ಮೆಸೇಜ್ ಇಡುವ ರೀತಿಯೇ ಬೇರೆ, ಎಣ್ಣೆ ನೀರು ಇದ್ದ ಹಾಗೆ, ಅದಕ್ಕೇ ಹೀಗಾಗುತ್ತದೆ ಅಂದುಕೊಂಡಿದ್ದೆ. ಆಂಡ್ರಾಯ್ಡ್ ಫೋನಿನೊಳಗೆ ಮೆಸೇಜ್‌ಗಳು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಫೈಲಿನಲ್ಲಿ ಇರುತ್ತವೆ. ಐಫೋನಿನಲ್ಲಿ? ಅದೂ ಎಸ್‌ಕ್ಯೂಲೈಟ್! ಒಂದೇ ಥರದ ಲೆಕ್ಕದ ಪುಸ್ತಕ, ಗೆರೆ ಎಳೆದ ರೀತಿ ಮಾತ್ರ ಬೇರೆ. ತಾರೀಖು ಎಣಿಸುವ ಕ್ರಮ ಬೇರೆ. ಆಂಡ್ರಾಯ್ಡ್ 1970ರ ಜನವರಿ 1ರಿಂದ ಎಣಿಸುತ್ತದೆ, ಐಫೋನ್ 2001ರ ಜನವರಿ 1ರಿಂದ. ಅಂದರೆ ನಡುವೆ ಇರುವುದು ಸರಿಯಾಗಿ 31 ವರ್ಷದ ಅಂತರ. ಕೂಡಿದರೆ ಅತ್ತ, ಕಳೆದರೆ ಇತ್ತ. ಈ ಲೆಕ್ಕ ಮಾಡಲಾರದಷ್ಟು ಬಡವರಾ ಈ ಕಂಪನಿಗಳು?

ನನ್ನ ಸಾಫ್ಟ್‌ವೇರ್ ಗೆಳೆಯನೊಬ್ಬ ಇದನ್ನು ಓದಿದ ತಕ್ಷಣ ಬರುತ್ತಾನೆ, ಗೊತ್ತು. ಹೋದ ವಾರವೇ ಬಂದಿದ್ದ. "ಫೋಟೋ ಥರ ಅಲ್ಲಪ್ಪಾ ಮೆಸೇಜು. ಅದಕ್ಕೆ ಬೀಗ ಇದೆ. ಯಾವ್ದೋ ಟಾರ್ಚ್ ಆ್ಯಪ್ ಬಂದು ನಿನ್ನ ಇನ್‌ಬಾಕ್ಸಲ್ಲಿ ಸುಳ್ಳು ಮೆಸೇಜ್ ತುರುಕಿದ್ರೆ?" ಅಂದ. ನಿಜವೇ. 2013ರಲ್ಲಿ ಬಂದ ಕಿಟ್‌ಕ್ಯಾಟ್ ಆವೃತ್ತಿಯಿಂದ ಆಂಡ್ರಾಯ್ಡ್‌ನಲ್ಲಿ ನಾವು ಮೆಸೇಜಿಗೆ ಅಂತ ಆರಿಸಿಕೊಂಡ ಆ್ಯಪ್ ಮಾತ್ರ ಆ ಪುಸ್ತಕದಲ್ಲಿ ಬರೆಯಬಹುದು. ಐಫೋನಿನಲ್ಲಿ ಹೊರಗಿನ ಆ್ಯಪಿಗೆ ಅದನ್ನು ಓದಲೂ ಬಿಡುವುದಿಲ್ಲ. ಒಳ್ಳೆಯದೇ. ಕಳ್ಳ ಬರಬಾರದು ಅಂತ ಬೀಗ. ಆದರೆ ಮನೆ ಖಾಲಿ ಮಾಡುವಾಗ ಬೀಗದ ಕೈ ಮನೆಯವನ ಹತ್ತಿರ ಇರಬೇಕಲ್ವಾ? ನನ್ನ ಫೋನು, ನನ್ನ ಬೆರಳಚ್ಚು, ನನ್ನ ಪಾಸ್‌ವರ್ಡು. ಕಳ್ಳ ಯಾರಿಲ್ಲಿ?

ಇನ್ನು, ಆಗುವುದಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ವಾಟ್ಸ್‌ಆ್ಯಪ್ ನೋಡಿ. ಎಷ್ಟೋ ವರ್ಷ ಅದರ ಬ್ಯಾಕಪ್ ಆ ಕಡೆಯವರದು ಆ ಕಡೆಯ ಕ್ಲೌಡಿಗೆ, ಈ ಕಡೆಯವರದು ಈ ಕಡೆಯ ಕ್ಲೌಡಿಗೆ. ದಾಟಿಸುವ ಅಧಿಕೃತ ದಾರಿಯೇ ಇರಲಿಲ್ಲ. 2021ರಲ್ಲಿ ಐಫೋನಿನಿಂದ ಸ್ಯಾಮ್‌ಸಂಗ್ ಫೋನುಗಳಿಗೆ ದಾರಿ ಆಯಿತು. 2022ರಲ್ಲಿ ಆಂಡ್ರಾಯ್ಡ್‌ನಿಂದ ಐಫೋನಿಗೂ ಆಯಿತು. ನಡುವೆ ಯಾರಾದರೂ ಹೊಸ ಭೌತಶಾಸ್ತ್ರ ಕಂಡುಹಿಡಿದರಾ? ಇಲ್ಲ. ಮಾಡೋಣ ಅಂತ ಮನಸ್ಸು ಮಾಡಿದರು, ಅಷ್ಟೇ.

ಹಳೆಯ ಮೆಸೇಜ್ ಕಥೆ ಹಾಗಿರಲಿ, ಬರಬೇಕಾದ ಮೆಸೇಜೂ ಕಳೆದುಹೋಗುತ್ತಿದ್ದ ಕಾಲ ಒಂದಿತ್ತು. 2011ರಲ್ಲಿ ಐಮೆಸೇಜ್ ಬಂತು. ಐಫೋನಿನಿಂದ ಐಫೋನಿಗೆ ಹೋಗುವ ಮೆಸೇಜು ಎಸ್ಸೆಮ್ಮೆಸ್ ದಾರಿ ಬಿಟ್ಟು ಇಂಟರ್ನೆಟ್ ದಾರಿ ಹಿಡಿಯಿತು. ಆಮೇಲೆ ಯಾರಾದರೂ ಐಫೋನ್ ಬಿಟ್ಟು ಹೋದರೆ ಅವರ ನಂಬರ್ ಮಾತ್ರ ಅಲ್ಲೇ ನೋಂದಣಿಯಾಗಿ ಉಳಿಯುತ್ತಿತ್ತು. ಐಫೋನ್ ಇರುವ ಗೆಳೆಯರು ಕಳಿಸಿದ್ದು ಅಲ್ಲಿಗೇ ಹೋಗಿ ಬೀಳುತ್ತಿತ್ತು. ಕಳಿಸಿದವರು ಉತ್ತರ ಬರಲಿಲ್ಲ ಅಂತ ಮುನಿಸಿಕೊಂಡರು, ಇವರಿಗೆ ಬಂದಿದ್ದೇ ಗೊತ್ತಿಲ್ಲ. ನಂಬರ್ ಬಿಡಿಸಿಕೊಳ್ಳಲು ಆಪಲ್ ಒಂದು ವೆಬ್ ಪುಟ ಕೊಟ್ಟಿದ್ದು 2014ರ ನವೆಂಬರಿನಲ್ಲಿ. ಅಷ್ಟರೊಳಗೆ ಎಷ್ಟು ಸ್ನೇಹ ಮುರಿದವೋ ದೇವರೇ ಬಲ್ಲ.

ಈಗ ಎಲ್ಲರೂ ಹೇಳುವ ಮಾತಿಗೆ ಬರುತ್ತೇನೆ. "ಈಗ ಎಸ್ಸೆಮ್ಮೆಸ್ ಯಾರು ನೋಡ್ತಾರೆ? ಬರೀ ಒಟಿಪಿ, ಬರೀ ಜಾಹೀರಾತು. ಹೋದ್ರೆ ಪೀಡೆ ಹೋಯ್ತು." ಈ ಮಾತು ಹೇಳುವವರ ಮುಖದಲ್ಲಿ ಒಂದು ನಗು ಇರುತ್ತದೆ ನೋಡಿ, ಅದನ್ನು ಕಂಡರೆ ನನಗೆ ಆಗುವುದಿಲ್ಲ. ಹೌದು ಸ್ವಾಮಿ, ಹತ್ತಕ್ಕೆ ಒಂಬತ್ತು ಒಟಿಪಿ. ನಾನು ಹತ್ತನೆಯದರ ಬಗ್ಗೆ ಮಾತಾಡುತ್ತಿದ್ದೇನೆ.

ಜಗತ್ತಿನ ಮೊದಲ ಎಸ್ಸೆಮ್ಮೆಸ್ ಹೋಗಿದ್ದು 1992ರ ಡಿಸೆಂಬರ್ 3ರಂದು. ನೀಲ್ ಪ್ಯಾಪ್‌ವರ್ತ್ ಅನ್ನುವ ಎಂಜಿನಿಯರ್ ಕಂಪ್ಯೂಟರಿನಿಂದ ಒಂದು ಫೋನಿಗೆ ಕಳಿಸಿದ್ದು. ಇದ್ದದ್ದು ಎರಡೇ ಪದ, ‘ಮೆರಿ ಕ್ರಿಸ್‌ಮಸ್’. ಆ ಎರಡು ಪದದ ಡಿಜಿಟಲ್ ಪ್ರತಿಯನ್ನು 2021ರ ಡಿಸೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಹರಾಜು ಹಾಕಿದರು. 1,07,000 ಯೂರೋಗೆ ಹೋಯಿತು! ಕೊಂಡವರು ಯಾರೋ, ಆ ಎರಡು ಪದ ಅವರಿಗೆ ಬಂದದ್ದೂ ಅಲ್ಲ. ಇಲ್ಲಿ ನನಗೇ ಅಂತ ಬರೆದದ್ದನ್ನು ಒಂದು ಫೋನಿನಿಂದ ಅಂಗೈ ದೂರದ ಇನ್ನೊಂದು ಫೋನಿಗೆ ದಾಟಿಸುವವರಿಲ್ಲ.

ನನ್ನ ಹತ್ತನೆಯದು ಅಂದರೆ ಹೆಚ್ಚಾಗಿ ಅಕ್ಕನ ಮೆಸೇಜ್‌ಗಳು. ಅಕ್ಕ ಇವತ್ತಿಗೂ ವಾಟ್ಸ್‌ಆ್ಯಪ್ ಹಾಕಿಕೊಂಡಿಲ್ಲ, ಫೇಸ್‌ಬುಕ್ಕಿನಲ್ಲಿ ಮಾತ್ರ ಸುಮ್ನೆ ಓದುತ್ತಾ ಇರುತ್ತಾಳೆ. (ಓದುತ್ತಿದ್ದೀಯಾ ಅಂತ ಗೊತ್ತು.) ಅವಳ ಮೆಸೇಜ್ ಎಲ್ಲಾ ಇಂಗ್ಲಿಷ್ ಅಕ್ಷರದ ಕನ್ನಡ, ಅದೂ ಸ್ವರ ಇಲ್ಲದ್ದು. ಅವಳ ಪೀಳಿಗೆಗೆ ಆ ಅಭ್ಯಾಸ ಯಾಕೆ ಬಂತು ಅಂತ ಗೊತ್ತಾ? ಒಂದು ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷ್ ಅಕ್ಷರ ಆದರೆ 160 ಹಿಡಿಸುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ 70 ಮಾತ್ರ, ಅದರಲ್ಲೂ ಕೊಂಬು, ಗುಡಿಸು, ಒತ್ತು ಎಲ್ಲಾ ಬೇರೆಬೇರೆಯಾಗಿ ಲೆಕ್ಕಕ್ಕೆ. ನಾಲ್ಕು ಮಾತು ಬರೆಯುವುದರೊಳಗೆ ಜಾಗ ಖಾಲಿ. ಅಕ್ಕ ಆಗ ಕಲಿತ ಜಿಪುಣತನ ಈಗಲೂ ಬಿಟ್ಟಿಲ್ಲ. ಬೇರೆಯವರು ಅವಳ ಮೆಸೇಜ್ ನೋಡಿದರೆ ಯಾವುದೋ ಕಾರಿನ ನಂಬರ್ ಅಂದುಕೊಳ್ಳಬೇಕು. ನನಗೆ ಮಾತ್ರ ಓದಲು ಬರುತ್ತಿತ್ತು.

ಸರಿ, ಈಗ ತಪ್ಪೊಪ್ಪಿಗೆ. ಎರಡು ಇವೆ.

ಮೊದಲನೆಯದು. ವರ್ಗಾವಣೆ ನಡೆಯುವಾಗ ಎರಡೂ ಫೋನನ್ನು ಮುಟ್ಟಬೇಡಿ, ಹತ್ತಿರ ಇಡಿ ಅಂತ ಪರದೆ ಮೇಲೆ ಸ್ಪಷ್ಟವಾಗಿ ಬರೆದಿತ್ತು. ನಡುವೆ ಹಳೇ ಫೋನಿಗೆ ಒಂದು ಕಾಲ್ ಬಂತು. ಎತ್ತಿದೆ. ಮಾತಾಡುತ್ತಾ ಮಾತಾಡುತ್ತಾ ಕೆಳಗಿಳಿದು ಹೋಗಿ ಇಪ್ಪತ್ತು ನಿಮಿಷ ತಿರುಗಾಡಿಕೊಂಡು ಬಂದೆ. ಎರಡು ಫೋನಿನ ನಡುವಿನ ವೈಫೈ ಕೊಂಡಿ ಕಡಿದಿರಬೇಕು. ಹಾಗಾದರೆ ತಪ್ಪು ನಂದೇ ಅಲ್ವಾ? ಅರ್ಧ ನಂದು. ಕೊಂಡಿ ಕಡಿದಿದ್ದು ನಾನು. ಕಡಿದ ಮೇಲೂ ಹಸಿರು ಟಿಕ್ ತೋರಿಸಿದ್ದು ನಾನಲ್ಲ. ಪಾತ್ರೆ ಒಡೆದರೆ ಒಡೆಯಿತು ಅನ್ನಬೇಕು. ಚೂರನ್ನು ಮಂಚದ ಕೆಳಗೆ ತಳ್ಳಿ ‘ಎಲ್ಲಾ ಸರಿಯಾಗಿದೆ’ ಅಂತ ನಗುವುದಲ್ಲ.

ಎರಡನೆಯದು ಸ್ವಲ್ಪ ಕಷ್ಟ. ಆರು ವರ್ಷದ ಹಿಂದೆ ಅಕ್ಕನಿಗೂ ನನಗೂ ಮೆಸೇಜಿನಲ್ಲೇ ಒಂದು ದೊಡ್ಡ ಜಗಳ ಆಗಿತ್ತು. ಒಂದು ರಾತ್ರಿ, ನಲವತ್ತಕ್ಕೂ ಹೆಚ್ಚು ಮೆಸೇಜ್. ವಿಷಯ ಇಲ್ಲಿ ಬೇಡ. ನಾಲ್ಕು ತಿಂಗಳು ಮಾತು ಬಿಟ್ಟಿದ್ದೆವು, ಆಮೇಲೆ ಸರಿಹೋಯಿತು, ಅದರ ಬಗ್ಗೆ ಇಬ್ಬರೂ ಮತ್ತೆ ಬಾಯಿ ಬಿಡಲಿಲ್ಲ. ಆದರೆ ನಾನು ಆ ಮೆಸೇಜ್‌ಗಳನ್ನು ಇಟ್ಟುಕೊಂಡಿದ್ದೆ. ಸಾಕ್ಷಿ ಅಂತ! ವರ್ಷಕ್ಕೆ ಒಂದೆರಡು ಸಲ, ಅವಳ ಮೇಲೆ ಸಿಟ್ಟು ಬಂದಾಗ, ತೆಗೆದು ಓದುತ್ತಿದ್ದೆ. ನೋಡು, ನಾನೇ ಸರಿ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೋದ ವರ್ಷ ಓದಿದಾಗ ಮಾತ್ರ ಒಂದು ಕಡೆ ಕಣ್ಣು ನಿಂತಿತು. ಮೊದಲ ಕೆಟ್ಟ ಮಾತು ನನ್ನ ಕಡೆಯಿಂದ ಹೋಗಿತ್ತಾ ಅಂತ ಅನುಮಾನ ಬಂತು. ಮೇಲಕ್ಕೆ ಹೋಗಿ ಸರಿಯಾಗಿ ನೋಡಬಹುದಿತ್ತು. ನೋಡಲಿಲ್ಲ. ಫೋನ್ ಮುಚ್ಚಿಟ್ಟೆ. ಇನ್ನೊಂದು ದಿನ ನೋಡೋಣ, ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ.

ಹೋಯಿತು.

ಇವತ್ತಿನ ಹುಡುಗನ ಕಥೆ ಮುಗಿಸಿಬಿಡುತ್ತೇನೆ. ಅವನ ಹಳೇ ಫೋನ್ ಇನ್ನೂ ಅಳಿಸಿರಲಿಲ್ಲವಲ್ಲ, ಹೊಸದನ್ನೇ ರೀಸೆಟ್ ಮಾಡಿಸಿ ಮೊದಲಿನಿಂದ ಶುರು ಮಾಡಿಸಿದೆ. ಈ ಸಲ ವೈಫೈ ನಂಬಲಿಲ್ಲ, ಕೇಬಲ್ ಹಾಕಿಸಿದೆ. ಹಳೇ ಫೋನಿಗೆ ಕಾಲ್ ಬಾರದ ಹಾಗೆ ಮಾಡಿಸಿದೆ. ಎರಡು ಗಂಟೆ ಯಾರೂ ಆ ಟೇಬಲ್ ಹತ್ತಿರ ಸುಳಿಯದ ಹಾಗೆ ಕಾವಲು ಕೂತೆ, ಕೆಲಸ ಬಿಟ್ಟು. ಸಂಜೆ ನಾಲ್ಕಕ್ಕೆ ಎಂಟು ವರ್ಷದ್ದು ಅಷ್ಟೂ ಬಂತು, ತಾರೀಖು ಸಮೇತ. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

ಹುಡುಗ ಎರಡು ನಿಮಿಷ ಮೇಲೆ ಕೆಳಗೆ ಓಡಿಸಿ ನೋಡಿದ. "ಎಲ್ಲಾ ಒಟಿಪಿನೇ ಸರ್" ಅಂದ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿಬಿಟ್ಟ.

ಈ ಸಲ ನಾನು ಕೂಗಲಿಲ್ಲ. ಅವನ ಮೆಸೇಜು, ಅವನ ಬೆರಳು. ನಾನು ಕೇಳುತ್ತಿರುವುದೂ ಅಷ್ಟೇ ತಾನೇ? (ಆದರೂ ಎರಡು ಗಂಟೆ ಕಾವಲು ಕೂತವನ ಎದುರಿಗೇ ಒತ್ತಬೇಕಿತ್ತಾ! ನಾಳೆ ಅವನ ಜೊತೆ ಮಾತಾಡುವುದಿಲ್ಲ.)

ಮನೆಗೆ ಬರುವಾಗ ಒಂದು ವಿಷಯ ಹೊಳೆಯಿತು. ಯಾವ ಮೆಸೇಜಿಗಾದರೂ ಎರಡು ಪ್ರತಿ ಇರುತ್ತದೆ. ಬಂದ ಕಡೆ ಒಂದು, ಕಳಿಸಿದ ಕಡೆ ಒಂದು. ಅಕ್ಕ ಅದೇ ಹಳೇ ಫೋನಿನಲ್ಲೇ ಇದ್ದಾಳೆ. ಹತ್ತು ಸಲ ಯೋಚಿಸಿ, ಕೊನೆಗೆ ಕನ್ನಡ ಲಿಪಿಯಲ್ಲೇ, 70ರ ಲೆಕ್ಕ ನೋಡದೆ ಬರೆದೆ. ಅಕ್ಕಾ, ಫೋನ್ ಬದಲಾಯಿಸಿದೆ, ಮೆಸೇಜ್ ಎಲ್ಲಾ ಹೋಯಿತು, ಆರು ವರ್ಷದ ಹಿಂದಿನ ಆ ರಾತ್ರಿಯದು ನಿನ್ನ ಹತ್ತಿರ ಇದೆಯಾ, ಇದ್ದರೆ ಸ್ಕ್ರೀನ್‌ಶಾಟ್ ಕಳಿಸು ಅಂತ.

ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಬಂತು. ಅದೇ ಸ್ವರ ಇಲ್ಲದ ಇಂಗ್ಲಿಷ್ ಅಕ್ಷರದಲ್ಲಿ. ಬಿಡಿಸಿ ಬರೆದರೆ ಇಷ್ಟು:

"ಇದೆ. ಎಲ್ಲಾ ಇದೆ. ಕಳ್ಸಲ್ಲ."