ಹೊಟ್ಟೆಕಿಚ್ಚಿನ ಗ್ರಾಮರ್

ಇಂಗ್ಲಿಷಿನವರು ಹೊಟ್ಟೆಕಿಚ್ಚಿಗೂ ಗ್ರಾಮರ್ ಇಟ್ಟಿದ್ದಾರೆ. ‘ಎನ್ವಿಯಸ್’ ಅಂದಮೇಲೆ ‘ಆಫ್’ ಬರಲೇಬೇಕು. ನಮ್ಮ ಕಲಬುರಗಿ ಹುಡುಗರು ಸಲೀಸಾಗಿ ‘ಎನ್ವಿಯಸ್ ಆನ್ ಹಿಮ್’ ಅಂತಾರೆ. ಸೂಪರ್ ಮಾರ್ಕೆಟ್ ಹತ್ತಿರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಸರ್ ತಿದ್ದಿದರೆ ಒಬ್ಬ ಬಿಡಲೇ ಇಲ್ಲ.

‘ಸರ್, ಹೊಟ್ಟಿಕಿಚ್ಚು ಮಂದಿ ಮ್ಯಾಲೇ ಇರ್ತದಲ್ರಿ. ಆನ್ ಅಂದ್ರ ಏನ್ ತಪ್ಪದ?’

ನನ್ನ ಕೇಳಿದರೆ ಹುಡುಗನ ಮಾತಿನಲ್ಲೇ ನ್ಯಾಯ ಇದೆ.

‘ಎನ್ವಿಯಬಲ್’ ಇನ್ನೂ ತುಂಟ ಶಬ್ದ. 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕ ನಮ್ಮ ತೊಗರಿ ಬೇಳೆ ಎನ್ವಿಯಬಲ್. ಅದನ್ನು ನೋಡಿ ಉರಿಯುವವರು ಎನ್ವಿಯಸ್. ಅದಲುಬದಲು ಮಾಡಿ ‘ಐ ಆಮ್ ಎನ್ವಿಯಬಲ್’ ಅಂದರೆ, ಊರೇ ನನ್ನ ನೋಡಿ ಉರೀತದೆ ಅಂತ ಜಂಬ ಕೊಚ್ಚಿದ ಹಾಗೆ! ಇನ್ನು ‘ಜಲಸ್’. ನನ್ನದು ಕೈತಪ್ಪೀತು ಅನ್ನೋ ಸಂಕಟಕ್ಕೆ ಆ ಶಬ್ದ ಅಂತ ಪುಸ್ತಕ ಹೇಳುತ್ತದೆ. ಇಂಗ್ಲಿಷಿನವರೇ ನೂರಾರು ವರ್ಷದಿಂದ ಎರಡನ್ನೂ ಕಲಸಿಬಿಟ್ಟಿದ್ದಾರೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳೋದು?

ನಿಜವಾದ ಹೊಟ್ಟೆಕಿಚ್ಚು ಹೊಲದ ಬದುವಿನ ಮೇಲೆ ಸಿಗುತ್ತದೆ. ಒಂದೇ ಅಂಗಡಿ ಬೀಜ, ಒಂದೇ ಮಳೆಗೆ ಬಿತ್ತಿದ್ದು. ಬದುವಿನ ಈಚೆ ತೊಗರಿಗೆ ನೆಟೆ ರೋಗ ಬಡಿದು ಗಿಡ ನಿಂತಲ್ಲೇ ಒಣಗಿದೆ. ಆಚೆ ಹಳದಿ ಹೂವು ಹೊಲದ ತುಂಬ. ಈಚೆಯ ರೈತ ಎಲೆ-ಅಡಿಕೆ ಒಂದು ಕಡೆ ಒತ್ತರಿಸಿ, ‘ಅವಂದು ಭಾರಿ ಬಂದದ ಬಿಡು’ ಅಂತಾನೆ. ಆ ‘ಬಿಡು’ ಇದೆಯಲ್ಲ, ಅದರೊಳಗೇ ಇರೋದು ಎಲ್ಲ.

ಆಚೆಯವನೇನು ದಡ್ಡನಲ್ಲ. ನೆದರು ತಾಗದಿರಲಿ ಅಂತ ಹೊಲದ ಮೂಲೆಯಲ್ಲಿ ಕೋಲಿಗೆ ಹಳೇ ಚಪ್ಪಲಿ ಕಟ್ಟಿರುತ್ತಾನೆ. ‘ಎನ್ವಿ’ಯ ಲ್ಯಾಟಿನ್ ಬೇರಿನಲ್ಲೂ ಕೆಟ್ಟ ಕಣ್ಣಿಂದ ನೋಡುವ ಅರ್ಥವೇ ಇದೆ. ಆ ರೋಮನ್ನರಿಗೆ ಈ ಚಪ್ಪಲಿ ಯಾಕೆ ಅಂತ ಬಿಡಿಸಿ ಹೇಳೋದು ಬೇಕಿರಲಿಲ್ಲ.

ಈಗ ಗೋವಾಕ್ಕೆ ಹೋದ ಗೆಳತಿಯ ಫೋಟೊ ಕೆಳಗೆ ‘ಸೋ ಜಲಸ್’ ಅಂತ ಬರೆದು ಹಾರ್ಟ್ ಒತ್ತುತ್ತಾರೆ. ಅವಳಿಗೂ ಖುಷಿ. ಇಂಗ್ಲಿಷಿನಲ್ಲಿ ಅಂದರೆ ತಾಗೋದಿಲ್ಲ ನೋಡಿ. ಅದನ್ನೇ ‘ನಿನ್ನ ನೋಡಿ ನಂಗ ಹೊಟ್ಟಿ ಉರಿಲತ್ತದ’ ಅಂತ ಕನ್ನಡದಲ್ಲಿ ಬರೆಯಿರಿ. ಸಂಜೆಯೊಳಗೆ ಫೋಟೊ ಮಾಯ. ಅವಳ ಅವ್ವ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಘಾಟು ಬಂತೋ ಇಲ್ಲವೋ ಅಂತ ಮೂಸ್ತಾ ನಿಂತಿರುತ್ತಾಳೆ.